ಮಂಜು ಬಂದನೋ, ಬಂದಳೋ?

ಕರ್ನಾಟಕದ ಯಾವುದಾದರೂ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಮಂಜೂ’ ಎಂದು ಗಟ್ಟಿಯಾಗಿ ಕೂಗಿದರೆ ತಿರುಗಿ ನೋಡುವವರಲ್ಲಿ ಗಂಡಸರೂ ಇರುತ್ತಾರೆ, ಹೆಂಗಸರೂ ಇರುತ್ತಾರೆ. ಮಂಜುನಾಥ, ಮಂಜುಳಾ, ಮಂಜುಶ್ರೀ, ಮಂಜಪ್ಪ, ಮಂಜಮ್ಮ ಎಲ್ಲರೂ ಮನೆಯವರ ಬಾಯಲ್ಲಿ, ಗೆಳೆಯರ ಬಾಯಲ್ಲಿ ಮಂಜುವೇ. ವಿಜಯಕುಮಾರನೂ ವಿಜಿ, ವಿಜಯಲಕ್ಷ್ಮಿಯೂ ವಿಜಿ. ಪದ್ಮನಾಭ ಪದ್ದು, ಪದ್ಮಾವತಿಯೂ ಪದ್ದು. ನಾಗರಾಜ, ನಾಗರತ್ನ ಇಬ್ಬರಿಗೂ ನಾಗು. ಚಿನ್ನು, ಪುಟ್ಟು, ಪಾಪುಗಳಂತೂ ಯಾವ ಪೂರ್ತಿ ಹೆಸರಿಗೂ ಜೋತುಬಿದ್ದವಲ್ಲ. ತೊಟ್ಟಿಲ ಪಕ್ಕದಲ್ಲಿ ಹುಟ್ಟಿ, ಕೆಲವರಿಗೆ ಅರವತ್ತು ದಾಟಿದರೂ ಅಂಟಿಕೊಂಡೇ ಇರುವ ಹೆಸರುಗಳು ಅವು.

ಇಂಥ ಕರೆಯುವ ಹೆಸರುಗಳನ್ನು ಗಂಡು, ಹೆಣ್ಣು, ಎರಡೂ ಎಂದು ವಿಂಗಡಿಸುವುದು ಹೇಗೆ? ನಿಘಂಟು ಮಾಡುವವರಿಗೆ, ಹೆಸರುಗಳ ಕೋಶ ಸಿದ್ಧಪಡಿಸುವವರಿಗೆ, ಕಂಪ್ಯೂಟರಿಗೆ ಕನ್ನಡ ಕಲಿಸುವವರಿಗೆ ಇದು ದಿನನಿತ್ಯದ ಪ್ರಶ್ನೆ. ಪತ್ರಿಕೆಯ ಡೆಸ್ಕಿನಲ್ಲಿ ಕೂತವರಿಗೂ ಅಷ್ಟೇ. ಇಂಗ್ಲಿಷ್ ವರದಿಯಲ್ಲಿ ‘ಮಂಜು’ ಎಂದಷ್ಟೇ ಇದ್ದು, ಮುಂದೆಲ್ಲೂ ‘ಹೀ’ ಅಥವಾ ‘ಶೀ’ ಸಿಗದಿದ್ದರೆ ಉಪಸಂಪಾದಕರು ‘ಹೇಳಿದರು’ ಎಂದು ಬರೆದು ದಾಟಿಕೊಳ್ಳುತ್ತಾರೆ. ನಿಘಂಟಿಗೆ ಆ ಅನುಕೂಲವಿಲ್ಲ. ಅದು ಒಂದು ಮಾತು ಹೇಳಲೇಬೇಕು.

ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಡೆ ಬಂದಿರುವ ಉತ್ತರಗಳನ್ನು ಇಲ್ಲಿ ಒಂದೆಡೆ ಇಟ್ಟು ನೋಡಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು: ಕರೆಯುವ ಹೆಸರಿನ ಲಿಂಗವನ್ನು ಹೆಸರಿನ ಅಕ್ಷರಗಳಲ್ಲಿ ಹುಡುಕಿದರೆ ಅರ್ಧ ಮಾತ್ರ ಸಿಗುತ್ತದೆ. ಉಳಿದರ್ಧ ಕರೆಯುವವರು ಯಾರು, ಯಾವ ಸಲಿಗೆಯಲ್ಲಿ ಕರೆಯುತ್ತಿದ್ದಾರೆ ಎಂಬುದರಲ್ಲಿದೆ.

ಬಾಲಕ್ಕೆ ಅಂಟಿದ ನಂಟು

ಹಿಂದೆ ಕನ್ನಡನಾಡಿನಲ್ಲಿ ಈ ಗೊಂದಲ ಇಷ್ಟಿರಲಿಲ್ಲ. ಹೆಸರಿನ ತಿರುಳು ಏನೇ ಇರಲಿ, ಕೊನೆಗೆ ಬರುವ ನಂಟಸ್ತಿಕೆಯ ಪದವೇ ಗಂಡೋ ಹೆಣ್ಣೋ ಎಂದು ಹೇಳಿಬಿಡುತ್ತಿತ್ತು. 10ನೆಯ ಶತಮಾನದ ಆರಂಭದಲ್ಲಿ ನಾಗರಖಂಡದ ಆಡಳಿತ ನಡೆಸಿದ ಜಕ್ಕಿಯಬ್ಬೆ, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ, ಇವರ ಹೆಸರುಗಳ ಕೊನೆಯಲ್ಲಿ ‘ಅಬ್ಬೆ’ ಇದೆ. ಶರಣರಲ್ಲಿ ಬಸವಣ್ಣ, ಮಾರಯ್ಯ ಇದ್ದಂತೆ ಲಕ್ಕಮ್ಮ, ಸತ್ಯಕ್ಕ ಇದ್ದರು. ಅಪ್ಪ, ಅಯ್ಯ, ಅಣ್ಣ ಒಂದು ಕಡೆ. ಅಮ್ಮ, ಅವ್ವ, ಅಕ್ಕ ಇನ್ನೊಂದು ಕಡೆ.

‘ಪುಟ್ಟ’ ಎಂಬ ತಿರುಳನ್ನೇ ತೆಗೆದುಕೊಳ್ಳಿ. ಅದಕ್ಕೆ ಸ್ವಂತ ಲಿಂಗ ಇದ್ದಂತಿಲ್ಲ. ಪುಟ್ಟಪ್ಪ, ಪುಟ್ಟಯ್ಯ, ಪುಟ್ಟಣ್ಣ ಆದರೆ ಗಂಡು. ಪುಟ್ಟಮ್ಮ, ಪುಟ್ಟಕ್ಕ, ಪುಟ್ಟವ್ವ ಆದರೆ ಹೆಣ್ಣು. ಕುಪ್ಪಳಿಯ ಪುಟ್ಟಪ್ಪನವರು ಕುವೆಂಪು ಆದರು, ಕಣಗಾಲಿನ ಪುಟ್ಟಣ್ಣನವರು ಅದೇ ಹೆಸರಿನಲ್ಲಿ ಚಿತ್ರರಂಗದಲ್ಲಿ ಉಳಿದರು. ‘ಕೆಂಪ’ವೂ ಹಾಗೆಯೇ. ಬೆಂಗಳೂರು ಕಟ್ಟಿದವರು ಕೆಂಪೇಗೌಡರು. 1895ರಿಂದ 1902ರವರೆಗೆ ಮೈಸೂರು ಸಂಸ್ಥಾನವನ್ನು ರೀಜೆಂಟರಾಗಿ ನಡೆಸಿದವರು ಕೆಂಪನಂಜಮ್ಮಣ್ಣಿಯವರು. ತಿರುಳು ಒಂದೇ, ಬಾಲ ಬೇರೆ.

20ನೆಯ ಶತಮಾನದಲ್ಲಿ ಪೇಟೆಯ ಮನೆಗಳಲ್ಲಿ ಈ ಬಾಲ ಹಳೆಯ ಕಾಲದ್ದೆನಿಸಿತು. ಪುಟ್ಟಮ್ಮ, ಕೆಂಪಮ್ಮ, ಮಂಜಪ್ಪಗಳು ಅಜ್ಜ ಅಜ್ಜಿಯರ ಪೀಳಿಗೆಗೆ ಉಳಿದು, ಶಾಲೆಯ ದಾಖಲಾತಿಗೆ ಮಂಜುನಾಥ, ಮಂಜುಳಾಗಳು ಬಂದವು. ಪೂರ್ತಿ ಹೆಸರು ಉದ್ದವಾಯಿತು, ಕರೆಯುವ ಹೆಸರು ಮೋಟಾಯಿತು. ಎರಡಕ್ಕೂ ಸಲ್ಲುವ ಕರೆಹೆಸರುಗಳು ಇಷ್ಟು ಹೆಚ್ಚಿದ್ದು ಬಾಲ ಕಳಚಿದ ಮೇಲೆಯೇ ಎಂಬುದು ನನ್ನ ಅಂದಾಜು. ಬೇಕಾದಾಗ ಆ ಬಾಲವನ್ನು ನಾವು ಮತ್ತೆ ಅಂಟಿಸಿಕೊಳ್ಳುತ್ತೇವೆ ಎಂಬುದಕ್ಕೆ ನಮ್ಮ ಮೊಬೈಲುಗಳೇ ಸಾಕ್ಷಿ. ‘ಮಂಜಣ್ಣ ಪ್ಲಂಬರ್’, ‘ಮಂಜಕ್ಕ ಟೈಲರ್’, ‘ಮಂಜು ಆಫೀಸು’ ಎಂದು ನಂಬರು ಸೇವ್ ಮಾಡಿಕೊಳ್ಳುವವರು ಯಾವ ವ್ಯಾಕರಣವನ್ನೂ ಓದದೆ ವರ್ಗೀಕರಣದ ಕೆಲಸವನ್ನು ಮುಗಿಸಿರುತ್ತಾರೆ.

ಕೊನೆಯ ಸ್ವರ ನಂಬುವವರು

ಬಾಲವಿಲ್ಲದ ಹೆಸರಿನ ಲಿಂಗ ಹುಡುಕುವವರಲ್ಲಿ ಮೊದಲ ಪಂಥದವರು ಹೆಸರಿನ ರೂಪ ನೋಡಿ ತೀರ್ಮಾನಿಸುತ್ತಾರೆ. ಕನ್ನಡದಲ್ಲಿ ಇದಕ್ಕೆ ಗಟ್ಟಿಯಾದ ಆಧಾರವೇ ಇದೆ. ಅಕಾರದಲ್ಲಿ ಮುಗಿದರೆ ಗಂಡು, ಇಕಾರದಲ್ಲಿ ಮುಗಿದರೆ ಹೆಣ್ಣು: ರಂಗ, ರಂಗಿ, ನಾಗ, ನಾಗಿ, ಸುಬ್ಬ, ಸುಬ್ಬಿ, ಗುಂಡ, ಗುಂಡಿ. ಉತ್ತರ ಕರ್ನಾಟಕದಲ್ಲಿ ಗಂಡಿನ ರೂಪಕ್ಕೆ ‘ಯಾ’ ಬರುತ್ತದೆ. ಸಂಗ್ಯಾ ಬಾಳ್ಯಾ ಆಟದಲ್ಲಿ ಗೆಳೆಯರು ಸಂಗ್ಯಾ, ಬಾಳ್ಯಾ, ಹೆಣ್ಣು ಗಂಗಿ. ಇಂಗ್ಲಿಷಿನಲ್ಲೂ ಇಂಥ ಹುಡುಕಾಟ ನಡೆದಿದೆ. ಆನ್ ಕಟ್ಲರ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಅಧ್ಯಯನ ಇಂಗ್ಲಿಷಿನ ಗಂಡು ಹೆಸರು, ಹೆಣ್ಣು ಹೆಸರುಗಳ ಧ್ವನಿರಚನೆಯಲ್ಲೇ ವ್ಯತ್ಯಾಸವಿದೆ ಎಂದು ತೋರಿಸಿತು. ಹೆಣ್ಣು ಹೆಸರುಗಳು ಸಾಮಾನ್ಯವಾಗಿ ಉದ್ದ, ಸ್ವರದಲ್ಲಿ ಮುಗಿಯುವುದು ಹೆಚ್ಚು, ಒತ್ತು ಮೊದಲ ಅಕ್ಷರದ ಮೇಲೆ ಬೀಳುವುದು ಕಡಿಮೆ.

ಈ ಪಂಥ ಬಹಳಷ್ಟನ್ನು ವಿವರಿಸುತ್ತದೆ, ಆದರೆ ಬೇಗ ಎಡವುತ್ತದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿ ಗಂಡು, ಅವನು ಕರೆತರಲು ಹೊರಟ ತಿಮ್ಮಿ ಹೆಣ್ಣು, ಎರಡೂ ಇಕಾರಾಂತ. ಐತನ ಹೆಂಡತಿ ಪೀಂಚಲು, ಉಕಾರಾಂತ. ಕೃಷ್ಣಮೂರ್ತಿಯನ್ನು ಕಿಟ್ಟಿ, ನಾರಾಯಣನನ್ನು ನಾಣಿ, ಗೋಪಾಲನನ್ನು ಗೋಪಿ ಎಂದು ಕರೆಯುವ ಮನೆಗಳಿಗೆ ಇಕಾರ ಹೆಣ್ಣಿನ ಗುರುತು ಅನ್ನಿಸಿಯೇ ಇಲ್ಲ. ಉಕಾರದ ಗುಂಪು ಎರಡೂ ಕಡೆ ಸಲೀಸಾಗಿ ಓಡಾಡುತ್ತದೆ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯಲ್ಲಿ ಪುಟ್ಟು ಹುಡುಗ, ಇವತ್ತು ನಮ್ಮ ಬೀದಿಯಲ್ಲಿ ಪುಟ್ಟು ಎಂದು ಕರೆಸಿಕೊಳ್ಳುವ ಹುಡುಗಿಯರೂ ಇದ್ದಾರೆ.

ಇಲ್ಲಿ ಇನ್ನೊಂದು ಸಂಗತಿ ಇದೆ, ಅದನ್ನು ಬಿಟ್ಟರೆ ಕತೆಯ ಒಂದು ಭಾಗವನ್ನೇ ಮುಚ್ಚಿಟ್ಟಂತೆ. ಮದುಮಗಳು ಕಾದಂಬರಿಯಲ್ಲಿ ಗೌಡರ ಮನೆಯವರು ಮುಕುಂದಯ್ಯ, ಚಿನ್ನಮ್ಮ, ನಾಗಕ್ಕ; ಆಳುಗಳು ಗುತ್ತಿ, ತಿಮ್ಮಿ, ಐತ, ಪೀಂಚಲು. ಕಾರಂತರ ‘ಚೋಮನ ದುಡಿ’ಯಲ್ಲೂ ಚೋಮ, ಬೆಳ್ಳಿ, ಚನಿಯ, ಗುರುವ. ಬಾಲವಿಲ್ಲದ ಮೋಟು ಹೆಸರು ಎಷ್ಟೋ ಕಾಲ ಒಡೆಯನ ಬಾಯಿಂದ ಆಳಿನ ಮೇಲೆ ಬಿದ್ದ ಹೆಸರು. ಆದ್ದರಿಂದ ‘ಮಂಜ’, ‘ಮಂಜಿ’ ಎಂಬ ಜೋಡಿಯನ್ನು ಬರೀ ಗಂಡು ಹೆಣ್ಣಿನ ಜೋಡಿ ಎಂದು ಕೋಶದಲ್ಲಿ ಬರೆದರೆ ಅದು ಅರ್ಧಸತ್ಯ. ಯಾರು ಯಾರನ್ನು ಹಾಗೆ ಕರೆಯಬಹುದಿತ್ತು, ಯಾರು ಕರೆಯುವಂತಿರಲಿಲ್ಲ ಎಂಬುದೂ ಅದರೊಳಗೆ ಕೂತಿದೆ. ಹೆಸರುಗಳ ವರ್ಗೀಕರಣ ಜಾತಿಯನ್ನು ಮರೆತು ಲಿಂಗವನ್ನು ಮಾತ್ರ ನೋಡಿದರೆ ನನಗೆ ಅದರಲ್ಲಿ ನಂಬಿಕೆ ಹುಟ್ಟುವುದಿಲ್ಲ.

ಪೂರ್ತಿ ಹೆಸರಿನ ಬೆನ್ನು ಹಿಡಿದವರು

ಎರಡನೆಯ ಪಂಥ ನಿಘಂಟುಕಾರರಿಗೆ ಪ್ರಿಯವಾದದ್ದು. ಕರೆಹೆಸರು ಯಾವ ಪೂರ್ತಿ ಹೆಸರಿನಿಂದ ಬಂತೋ ಅದರ ಲಿಂಗವೇ ಇದರದ್ದು. ಮಂಜುನಾಥನ ಮಂಜು ಒಂದು ನಮೂದು, ಮಂಜುಳೆಯ ಮಂಜು ಇನ್ನೊಂದು ನಮೂದು. ಹೊರಗೆ ಒಂದೇ ಕಂಡರೂ ಬೇರು ಬೇರೆ. ರಷ್ಯನ್ ಭಾಷೆಯ ಸಾಶಾ ಇದಕ್ಕೆ ಹೆಸರಾದ ಉದಾಹರಣೆ. ಅಲೆಕ್ಸಾಂದ್ರ್ ಎಂಬ ಗಂಡಸೂ ಸಾಶಾ, ಅಲೆಕ್ಸಾಂದ್ರಾ ಎಂಬ ಹೆಂಗಸೂ ಸಾಶಾ. ವಾಲ್ಯಾ, ಝೇನ್ಯಾ ಕೂಡ ಇದೇ ಬಗೆ. ವಿಭಕ್ತಿ ಹತ್ತುವಾಗ ಸಾಶಾ ಹೆಣ್ಣು ಹೆಸರಿನಂತೆ ನಡೆದುಕೊಂಡರೂ, ‘ಬಂದ’ ಎಂಬ ಕ್ರಿಯಾಪದ ಗಂಡಸಿಗೆ ಗಂಡಿನ ರೂಪವನ್ನೇ ತೊಡುತ್ತದೆ.

ಮಂಜು, ವಿಜಿ, ಪದ್ದುಗಳಿಗೆ ಈ ದಾರಿ ಅಚ್ಚುಕಟ್ಟು. ಚಿನ್ನು, ಪಾಪು, ಮುದ್ದುಗಳಿಗೆ ಬೇರೇ ಇಲ್ಲ. ಅಲ್ಲಿಗೆ ಈ ಪಂಥ ನಿಂತುಬಿಡುತ್ತದೆ. ಪೂರ್ತಿ ಹೆಸರೇ ಎರಡಕ್ಕೂ ಸಲ್ಲುವಾಗಲೂ ಅಷ್ಟೇ. ಕಿರಣ್ ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ಹುಡುಗ. ಆದರೆ 1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಕಟ್ಟಿದ ಕಿರಣ್ ಮಜುಂದಾರ್ ಷಾ, ಪೊಲೀಸ್ ಅಧಿಕಾರಿಯಾಗಿದ್ದ ಕಿರಣ್ ಬೇಡಿ ಇಬ್ಬರೂ ಮಹಿಳೆಯರು. ಸಿಖ್ಖರಲ್ಲಂತೂ ಗುರುಪ್ರೀತ್, ಹರಪ್ರೀತ್, ಮನ್‌ಪ್ರೀತ್ ಮೊದಲಾದ ಹೆಸರುಗಳನ್ನು ಗಂಡುಮಗುವಿಗೂ ಹೆಣ್ಣುಮಗುವಿಗೂ ಇಡುತ್ತಾರೆ. ಮುಂದೆ ಬರುವ ಸಿಂಗ್ ಅಥವಾ ಕೌರ್ ಗುರುತು ಹೇಳುತ್ತದೆ. ನಮ್ಮ ಅಪ್ಪ ಅಮ್ಮಗಳ ಬಾಲ ಮಾಡುತ್ತಿದ್ದ ಕೆಲಸವೇ ಅದು.

ಎಣಿಸುವವರು

ಮೂರನೆಯ ಪಂಥದವರಿಗೆ ರೂಪವೂ ಬೇಡ, ಬೇರೂ ಬೇಡ, ಲೆಕ್ಕ ಸಾಕು. ಆ ಹೆಸರು ಎಷ್ಟು ಗಂಡಸರಿಗಿದೆ, ಎಷ್ಟು ಹೆಂಗಸರಿಗಿದೆ? ಅಮೆರಿಕದಲ್ಲಿ ಇದು ಸುಲಭ. ಅಲ್ಲಿನ ಸಾಮಾಜಿಕ ಭದ್ರತಾ ಇಲಾಖೆ 1880ರಿಂದೀಚೆಗೆ ಹುಟ್ಟಿದವರ ಹೆಸರುಗಳ ಪಟ್ಟಿಯನ್ನು ವರ್ಷವಾರು, ಲಿಂಗವಾರು ಪ್ರಕಟಿಸುತ್ತದೆ. ಒಂದು ವರ್ಷದಲ್ಲಿ ಐದಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು ಮಾತ್ರ ಬಿಡುತ್ತದೆ.

ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಲೀಬರ್ಸನ್ ಮತ್ತು ಸಂಗಡಿಗರು 2000ದಲ್ಲಿ ಎರಡಕ್ಕೂ ಸಲ್ಲುವ ಹೆಸರುಗಳ ಅಸ್ಥಿರತೆಯ ಬಗ್ಗೆ ಪ್ರಕಟಿಸಿದ ಲೇಖನ ಈ ಚರ್ಚೆಯಲ್ಲಿ ಮೈಲಿಗಲ್ಲು. ಇಲಿನಾಯ್ ರಾಜ್ಯದ ಜನನ ದಾಖಲೆಗಳನ್ನು ನೋಡಿ ಅವರು ಕಂಡುಕೊಂಡದ್ದು ಇಷ್ಟು: ಇಂಥ ಹೆಸರುಗಳ ಪಾಲು ದಶಕಗಳುದ್ದಕ್ಕೂ ಬಹಳ ಚಿಕ್ಕದಾಗಿಯೇ ಉಳಿದಿದೆ. ಒಂದು ಹೆಸರು ಹುಡುಗಿಯರಲ್ಲಿ ಬಳಕೆಗೆ ಬಂತೆಂದರೆ ಹುಡುಗರ ತಂದೆತಾಯಿ ಅದರಿಂದ ಮೆಲ್ಲಗೆ ದೂರ ಸರಿಯುತ್ತಾರೆ. 1936ರ ‘ಗಾನ್ ವಿತ್ ದ ವಿಂಡ್’ ಕಾದಂಬರಿಯಲ್ಲಿ ಆಶ್ಲೀ ವಿಲ್ಕ್ಸ್ ಗಂಡಸು. 1991ರಲ್ಲಿ ಆಶ್ಲೀ ಅಮೆರಿಕದ ಹೆಣ್ಣುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು. ಹುಡುಗಿಗೆ ಹುಡುಗನ ಹೆಸರು ಇಟ್ಟರೆ ಮೇಲೇರಿದಂತೆ, ಹುಡುಗನಿಗೆ ಹುಡುಗಿಯ ಹೆಸರು ಇಟ್ಟರೆ ಕೆಳಗಿಳಿದಂತೆ ಎಂಬ ನಂಬಿಕೆಯೇ ಈ ಏಕಮುಖ ಹರಿವಿನ ಹಿಂದಿದೆ ಎಂದು ಅವರು ವಾದಿಸಿದರು.

ಲೆಕ್ಕದವರಿಗೆ ಒಂದು ತೊಡಕು ಉಳಿದೇ ಇರುತ್ತದೆ: ಗೆರೆ ಎಲ್ಲಿ ಎಳೆಯುವುದು? ನೂರಕ್ಕೆ ಐದು ಜನ ಆಚೆಯವರಿದ್ದರೆ ಅದು ಎರಡಕ್ಕೂ ಸಲ್ಲುವ ಹೆಸರೇ? ಇಪ್ಪತ್ತಿರಬೇಕೇ, ನಲವತ್ತಿರಬೇಕೇ? ಯಾವ ಅಂಕಿಯನ್ನು ಹಿಡಿದರೂ ಅದು ಆಯ್ಕೆಯೇ ಹೊರತು ಶೋಧವಲ್ಲ.

ನಮಗೆ ಇನ್ನೂ ದೊಡ್ಡ ತೊಡಕಿದೆ. ಕರೆಹೆಸರು ನಮ್ಮ ದಾಖಲೆಗಳಿಗೆ ಬರುವುದೇ ಅಪರೂಪ. 1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ಮಗು ಹುಟ್ಟಿದ್ದನ್ನು ಹೆಸರಿಲ್ಲದೆಯೇ ನೋಂದಾಯಿಸಬಹುದು, ಹೆಸರನ್ನು ಆಮೇಲೆ ಸೇರಿಸಬಹುದು. ಗಂಡೋ ಹೆಣ್ಣೋ ಎಂಬುದು ಮಾತ್ರ ಮೊದಲ ದಿನವೇ ದಾಖಲಾಗುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ಲಿಂಗ ಇರುತ್ತದೆ. ಮನೆಯಲ್ಲಿ ಕರೆಯುವ ಹೆಸರಿಗೆ ಜಾಗವಿಲ್ಲ. ಸರ್ಕಾರಿ ಕಾಗದದಲ್ಲಿ ಕರೆಹೆಸರು ಎದ್ದುಕಾಣುವುದು ಪೊಲೀಸರ ಎಫ್‌ಐಆರ್‌ನಲ್ಲಿ, ‘ಉರುಫ್’, ‘ಅಲಿಯಾಸ್’ ಅಥವಾ ‘@’ ಗುರುತಿನ ಪಕ್ಕದಲ್ಲಿ. ಇನ್ನು ಉಳಿದದ್ದು ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತು, ಗಣೇಶೋತ್ಸವದ ಫ್ಲೆಕ್ಸು. ಇವನ್ನು ನಂಬಿ ಎಣಿಸಹೊರಟರೆ ಕರೆಹೆಸರು ಇರುವುದು ಗಂಡಸರಿಗೆ ಮಾತ್ರ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಹೆಂಗಸರ ಕರೆಹೆಸರುಗಳು ಹೊಸಿಲು ದಾಟದೆ ಉಳಿದವು. ಅವನ್ನು ಬರೆದಿಟ್ಟವರು ಕಡಿಮೆ ಎಂಬುದು ನನ್ನನ್ನು ನಿಜವಾಗಿ ಕಾಡುವ ಸಂಗತಿ.

ಬಾರೋ, ಬಾರೇ, ಬಂತು

ನಾಲ್ಕನೆಯ ದಾರಿ ಕನ್ನಡಕ್ಕೆ ಎಲ್ಲಕ್ಕಿಂತ ಹೆಚ್ಚು ಒಗ್ಗುತ್ತದೆ. ಹೆಸರನ್ನು ಒಂಟಿಯಾಗಿ ನೋಡದೆ ವಾಕ್ಯದಲ್ಲಿಟ್ಟು ನೋಡುವುದು. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಕ್ರಿಯಾಪದದಲ್ಲಿ ಹೊರಬೀಳುತ್ತದೆ: ಮಂಜು ಬಂದ, ಮಂಜು ಬಂದಳು. ಕರೆಯುವಾಗಲೂ ಅಷ್ಟೇ: ಬಾರೋ ಮಂಜು, ಬಾರೇ ಮಂಜು. ಹೆಸರು ಬಾಯಿಬಿಡದ ವಿಷಯವನ್ನು ಪಕ್ಕದ ಪದ ಹೇಳುತ್ತದೆ.

ಶಾಲೆಯ ವ್ಯಾಕರಣ ಪುಸ್ತಕಗಳು ಗಂಡು, ಹೆಣ್ಣು, ನಪುಂಸಕ ಎಂಬ ಮೂರಕ್ಕೇ ನಿಲ್ಲುವುದಿಲ್ಲ ಎಂಬುದನ್ನು ನಾವು ಪರೀಕ್ಷೆ ಮುಗಿದ ಕೂಡಲೇ ಮರೆಯುತ್ತೇವೆ. ಸೂರ್ಯ ಮೂಡಿದನು, ಮೂಡಿತು ಎರಡೂ ಸರಿ, ಆದ್ದರಿಂದ ಅದು ಪುನ್ನಪುಂಸಕ. ದೇವತೆ ಒಲಿದಳು, ಒಲಿಯಿತು ಎರಡೂ ನಡೆಯುತ್ತವೆ, ಆದ್ದರಿಂದ ಸ್ತ್ರೀನಪುಂಸಕ. ಮಗು, ಕೂಸು, ಶಿಶು ನಿತ್ಯನಪುಂಸಕ. ನಾನು, ನೀನು ಮುಂತಾದವು ವಿಶೇಷ್ಯಾಧೀನ, ಅಂದರೆ ಯಾರನ್ನು ಕುರಿತು ಹೇಳುತ್ತೇವೋ ಅವರ ಲಿಂಗವೇ ಅವುಗಳದ್ದು. ಈ ಹಳೆಯ ಖಾನೆಗಳನ್ನು ಕರೆಹೆಸರುಗಳಿಗೆ ಹೊಂದಿಸಿ ನೋಡಿದರೆ ಆಶ್ಚರ್ಯವಾಗುವಷ್ಟು ಚೆನ್ನಾಗಿ ಕೂರುತ್ತವೆ. ಮಂಜು, ವಿಜಿ ವಿಶೇಷ್ಯಾಧೀನ. ‘ಪಾಪು ಮಲಗಿದೆ, ಸದ್ದು ಮಾಡಬೇಡಿ’ ಎನ್ನುವಾಗ ಪಾಪು ನಿತ್ಯನಪುಂಸಕ. ಪುಟ್ಟಿ ಬಂದಳು, ಪುಟ್ಟಿ ಬಂತು ಎರಡೂ ಕೇಳಿಬರುವುದರಿಂದ ಅದು ಸ್ತ್ರೀನಪುಂಸಕದ ಕಡೆಯದ್ದು. ‘ಉಭಯಲಿಂಗ’ ಎಂಬ ಒಂದೇ ಚೀಟಿ ಈ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ ವ್ಯತ್ಯಾಸವನ್ನು ಅಳಿಸುತ್ತದೆ.

ಆದರೆ ಕ್ರಿಯಾಪದವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೇ ಮೈಸೂರಿನ ಕಡೆ ತಾಯಿ ಮಗಳನ್ನು ಮುದ್ದಿನಿಂದ ‘ಯಾಕೋ ಪುಟ್ಟಾ, ಊಟ ಬೇಡ್ವೇನೋ’ ಎನ್ನುತ್ತಾಳೆ. ಓಕಾರ ಗಂಡಿನದ್ದು, ಮಗು ಹೆಣ್ಣು. ಅದೇ ತಾಯಿಗೆ ಸಿಟ್ಟು ಬಂದರೆ ‘ಏನೇ ಇದು’ ಎಂದು ಏಕಾರಕ್ಕೆ ಬರುತ್ತಾಳೆ. ಹವ್ಯಕರ ಮಾತಿನಲ್ಲಿ ಹೆಂಗಸರಿಗೆ ನಪುಂಸಕದ ಕ್ರಿಯಾರೂಪವೇ ರೂಢಿ. ‘ಅತ್ತೆ ಬಂತು’ ಎನ್ನುವುದರಲ್ಲಿ ಅಗೌರವ ಎಳ್ಳಷ್ಟೂ ಇಲ್ಲ. ತೆಲುಗಿನಲ್ಲಿ ಏಕವಚನದ ಕ್ರಿಯಾಪದ ಗಂಡು ಮತ್ತು ಗಂಡಲ್ಲದ್ದು ಎಂದಷ್ಟೇ ಬೇರ್ಪಡಿಸುತ್ತದೆ. ಪದಗಳೂ ಊರಿಂದೂರಿಗೆ ಪಕ್ಷ ಬದಲಿಸುತ್ತವೆ. ಹೆಚ್ಚಿನ ಕಡೆ ಕೂಸು ಎಂದರೆ ಯಾವ ಮಗುವೂ ಆಗಬಹುದು. ಹವ್ಯಕರಲ್ಲಿ ಮಾಣಿ ಹುಡುಗ, ಕೂಸು ಹುಡುಗಿ. ಶಿರಸಿ ಕಡೆಯ ಮನೆಗಳಲ್ಲಿ ‘ಅಪ್ಪಿ’ ಎಂದು ಕರೆಯುವುದು ಹುಡುಗನನ್ನು. ಕರಾವಳಿಯ ತುಳುನಾಡಿನಲ್ಲಿ ಅಪ್ಪಿ ಹೆಂಗಸಿನ ಹೆಸರು.

ಇವನ್ನೆಲ್ಲ ಜೋಡಿಸಿ ನೋಡಿದಾಗ ನನಗೆ ಒಂದು ಕ್ರಮ ಕಾಣುತ್ತದೆ. ಮುದ್ದು ಹೆಚ್ಚಾದಷ್ಟೂ ಲಿಂಗ ಮಸುಕಾಗುತ್ತದೆ: ಪಾಪು ಬಂತು, ಚಿನ್ನು ಮಲಗಿತು. ಗೌರವ ಹೆಚ್ಚಾದಾಗಲೂ ಅದು ಮಾಯವಾಗುತ್ತದೆ: ಮಂಜು ಅವರು ಬಂದರು. ಈ ಎರಡರ ನಡುವೆ, ಸಲಿಗೆ, ಜಗಳ, ಯಜಮಾನಿಕೆಗಳ ಜಾಗದಲ್ಲಿ ಮಾತ್ರ ಮಂಜ, ಮಂಜಿ, ಬಾರೋ, ಬಾರೇ ಎಂದು ಲಿಂಗ ದೊಡ್ಡ ದನಿಯಲ್ಲಿ ಕೇಳಿಸುತ್ತದೆ. ಒಬ್ಬರೇ ಮಂಜು ಬೆಳಿಗ್ಗೆಯಿಂದ ಸಂಜೆಯೊಳಗೆ ಈ ಮೂರೂ ಜಾಗದಲ್ಲಿ ಓಡಾಡಿ ಬರುತ್ತಾರೆ. ಹಾಗಾಗಿ ಕೋಶದ ನಮೂದಿನಲ್ಲಿ ಯಾರಿಗೆ ಇಡುತ್ತಾರೆ, ಯಾರು ಕರೆಯುತ್ತಾರೆ, ಜೊತೆಗೆ ಯಾವ ಕ್ರಿಯಾರೂಪ ಬರುತ್ತದೆ ಎಂಬ ಮೂರನ್ನೂ ಬೇರೆ ಬೇರೆಯಾಗಿ ಬರೆಯಬೇಕು. ಊರನ್ನೂ ಬರೆಯಬೇಕು.

ಕಚೇರಿ, ಕೋರ್ಟು

ಹೆಸರೇ ಲಿಂಗ ಹೇಳಬೇಕೆಂದು ಹಟ ಹಿಡಿದ ಸರ್ಕಾರಗಳೂ ಇದ್ದವು. ಜರ್ಮನಿಯ ನೋಂದಣಿ ಕಚೇರಿಗಳು ಗಂಡೋ ಹೆಣ್ಣೋ ತಿಳಿಯದ ಹೆಸರನ್ನು ಒಂಟಿಯಾಗಿ ಒಪ್ಪುತ್ತಿರಲಿಲ್ಲ, ಜೊತೆಗೆ ಲಿಂಗ ತಿಳಿಸುವ ಇನ್ನೊಂದು ಹೆಸರು ಬೇಕಿತ್ತು. ಈ ರೂಢಿಗೆ ತೆರೆ ಎಳೆದದ್ದು ನಮಗೆಲ್ಲ ಪರಿಚಯದ ಹೆಸರೇ. ಹೆಣ್ಣುಮಗುವೊಂದಕ್ಕೆ ಕಿರಣ್ ಎಂದು ಇಡಲು ಬಿಡದ ಪ್ರಕರಣ ಅಲ್ಲಿನ ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು. ಹೆಸರು ಲಿಂಗವನ್ನು ಸೂಚಿಸಲೇಬೇಕೆಂಬ ನಿಯಮ ಕಾನೂನಿನಲ್ಲಿಲ್ಲ ಎಂದು 2008ರ ಡಿಸೆಂಬರಿನಲ್ಲಿ ತೀರ್ಪು ಬಂತು. ಐಸ್‌ಲ್ಯಾಂಡಿನಲ್ಲಿ ‘ಬ್ಲೇರ್’ ಎಂಬುದು ವ್ಯಾಕರಣದ ಪ್ರಕಾರ ಪುಲ್ಲಿಂಗ ಪದ ಎಂಬ ಕಾರಣಕ್ಕೆ ಹುಡುಗಿಯೊಬ್ಬಳ ಹೆಸರಾಗಿ ಒಪ್ಪಿರಲಿಲ್ಲ. 2013ರಲ್ಲಿ ರೇಕ್ಯಾವಿಕ್ ನ್ಯಾಯಾಲಯ ಆಕೆಯ ಪರ ನಿಂತಿತು. ಗಂಡು ಹೆಸರು ಗಂಡಿಗೆ, ಹೆಣ್ಣು ಹೆಸರು ಹೆಣ್ಣಿಗೆ ಎಂಬ ಕಟ್ಟುಪಾಡನ್ನೇ 2019ರ ಕಾನೂನು ತೆಗೆದುಹಾಕಿತು.

ಭಾರತದಲ್ಲಿ ಇಂಥ ಕಟ್ಟುಪಾಡು ಇರಲೇ ಇಲ್ಲ. ಇಲ್ಲಿನ ತಿರುವು ಬೇರೆ ದಿಕ್ಕಿನಿಂದ ಬಂತು. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ (ನಾಲ್ಸಾ) ಪ್ರಕರಣದಲ್ಲಿ ತನ್ನ ಲಿಂಗ ಯಾವುದೆಂದು ಹೇಳುವ ಹಕ್ಕು ವ್ಯಕ್ತಿಯದ್ದು ಎಂದು ಒಪ್ಪಿತು. ಅಲ್ಲಿಂದ ಮುಂದೆ ಎರಡೇ ಖಾನೆಯ ಯಾವ ವರ್ಗೀಕರಣವೂ ಸಾಲದು. ತನ್ನನ್ನು ಇಂಥದ್ದೇ ಎಂದು ಹೇಳಿಕೊಳ್ಳಲು ಇಷ್ಟವಿಲ್ಲದವರಿಗೆ ಮಂಜು, ಚಿನ್ನು ಮೊದಲಾದ ಹೆಸರುಗಳು ನೆಮ್ಮದಿಯ ಜಾಗವಾಗುತ್ತವೆ. ಪಟ್ಟಿ ಮಾಡುವವರು ಆ ಜಾಗವನ್ನು ಕಿತ್ತುಕೊಳ್ಳಬಾರದು.

ಇತ್ಯರ್ಥವಾಗದ್ದು

ಕನ್ನಡದ ಕರೆಹೆಸರುಗಳಲ್ಲೂ ಲೀಬರ್ಸನ್ ಕಂಡ ಹರಿವು, ಅಂದರೆ ಹುಡುಗರ ಹೆಸರು ಹುಡುಗಿಯರ ಕಡೆಗೆ ಸರಿದು ಅಲ್ಲೇ ನಿಲ್ಲುವುದು, ಇದೆಯೇ ಎಂಬುದು ತೆರೆದ ಪ್ರಶ್ನೆ. ನನ್ನ ಕಿವಿಗೆ ಬಿದ್ದ ಮಟ್ಟಿಗೆ ಮಂಜುವನ್ನು ಗಂಡಸರು ಬಿಟ್ಟುಕೊಟ್ಟಿಲ್ಲ. ಮಂಜುನಾಥ ಎಂಬ ದೇವರ ಹೆಸರಿನ ಬಲ ಅದನ್ನು ಹಿಡಿದಿಟ್ಟಿರಬಹುದು. ಅಂಥ ಆಸರೆಯಿಲ್ಲದ ಚಿನ್ನು, ಅಮ್ಮುಗಳ ಗತಿ ಬೇರೆಯಾಗಬಹುದು.

ವಯಸ್ಸಿನ ಪ್ರಶ್ನೆಯೂ ಹಾಗೇ ಉಳಿದಿದೆ. ಪಾಪು ಬೆಳೆದು ಪಾಪಣ್ಣನಾದಾಗ ಅದು ಅದೇ ಹೆಸರೇ, ಹೊಸ ಹೆಸರೇ? ನಿತ್ಯನಪುಂಸಕವಾಗಿದ್ದದ್ದು ಯಾವ ವರ್ಷ ಪುಲ್ಲಿಂಗವಾಯಿತು? ಕೋಶದಲ್ಲಿ ಒಂದು ನಮೂದು ಸಾಕೋ ಎರಡು ಬೇಕೋ ಎಂಬುದು ಇದನ್ನೇ ಅವಲಂಬಿಸಿದೆ. ಹೊರದೇಶದ ಕನ್ನಡ ಮನೆಗಳಲ್ಲಿ ಇನ್ನೊಂದು ಸಮಸ್ಯೆ ಹುಟ್ಟಿಕೊಂಡಿದೆ. ಅಲ್ಲಿ ಕರೆಹೆಸರನ್ನು ಉಚ್ಚರಿಸುವವರಲ್ಲಿ ಎಷ್ಟೋ ಜನಕ್ಕೆ ಬಾರೋ, ಬಾರೇ ಗೊತ್ತಿಲ್ಲ. ಕ್ರಿಯಾಪದದ ಆಸರೆ ತಪ್ಪಿದ ಮಂಜು ಅಲ್ಲಿ ಇಂಗ್ಲಿಷಿನ ಕಿವಿಗೆ ಯಾವ ಕಡೆಯವರಾಗಿ ಕೇಳಿಸುತ್ತಾರೆ, ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳನ್ನು ಹೇಗೆ ಕರೆಯುತ್ತಾರೆ ಎಂಬುದನ್ನು ಇನ್ನೊಂದು ತಲೆಮಾರು ಕಳೆದ ಮೇಲೆ ಹೇಳಬಹುದಷ್ಟೇ.

ಎಲ್ಲಕ್ಕಿಂತ ಅವಸರದ್ದು ಸಂಗ್ರಹದ ಕೆಲಸ. ಬಾಲವಿದ್ದ ಕಾಲವನ್ನೂ ಬಾಲ ಕಳಚಿದ ಕಾಲವನ್ನೂ ಕಂಡ ಹಿರಿಯ ಹೆಂಗಸರು ತಮ್ಮ ತವರಿನಲ್ಲಿ ಯಾವ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದರು, ಮದುವೆಯಾದ ಮೇಲೆ ಆ ಹೆಸರು ಏನಾಯಿತು, ಗಂಡನ ಮನೆಯಲ್ಲಿ ಅದನ್ನು ಯಾರಾದರೂ ಬಳಸಿದರೇ ಎಂಬುದನ್ನು ಊರೂರಿಗೆ ಹೋಗಿ ಕೇಳಿ ಬರೆದುಕೊಳ್ಳಬೇಕು. ಆ ಪಟ್ಟಿ ಕೈಗೆ ಬರುವವರೆಗೆ ಇಂಥ ಹೆಸರು ಗಂಡಿನದ್ದು, ಇಂಥದ್ದು ಹೆಣ್ಣಿನದ್ದು ಎಂದು ಯಾರು ಹೇಳಿದರೂ ಅದು ಅರ್ಧ ಊರನ್ನು ಕೇಳದೆ ಹೇಳಿದ ಮಾತಾಗುತ್ತದೆ.